ನಮ್ಮ ಸಾರ್ ಅವರ ಜೈಲುಚೀಲ

ಅವರಷ್ಟು ಹೆದರುವ ಗಂಡಸನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಫೋನು ಬಡಿದುಕೊಂಡರೆ ಹೆದರಿಕೆ, ಬಡಿದುಕೊಳ್ಳದಿದ್ದರೆ ಇನ್ನೂ ಹೆದರಿಕೆ. ಕಾರ್ಖಾನೆಯ ಗೇಟಿನ ಮುಂದೆ ಯಾವುದಾದರೂ ಜೀಪು ನಿಧಾನ ಮಾಡಿದರೆ ಸಾಕು, ಕೈಯಲ್ಲಿದ್ದ ಪಿಪೆಟ್ಟನ್ನು ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, "ಯಾರಮ್ಮ ಅದು? ಒಸಿ ನೋಡು" ಅನ್ನುತ್ತಿದ್ದರು. ನಾನು ಕಿಟಕಿಯಿಂದ ಇಣುಕಿ, "ಕಲ್ಲು ಕ್ವಾರಿಯವರ ಜೀಪು ಸಾರ್, ಹೋಯ್ತು" ಎಂದರೆ ನಂಬುತ್ತಿರಲಿಲ್ಲ. "ಇನ್ನೊಂದ್ಸಲ ನೋಡಮ್ಮ." ಇದು ಅವರು ದಿನಕ್ಕೆ ಹತ್ತಾರು ಬಾರಿ ಆಡುತ್ತಿದ್ದ ಮಾತು.

ಹೋದ ವರ್ಷ ಅವರು ತೀರಿಕೊಂಡರು. ಹೆಸರು ಹಾಕಿ ಬರೆದರೆ ಅಲ್ಲಿದ್ದುಕೊಂಡೂ ಹೆದರಿಯಾರು ಎಂದು ಹೆಸರನ್ನು ಬಿಟ್ಟಿದ್ದೇನೆ. ನಮಗೆಲ್ಲ ಅವರು ಬರೀ 'ಸಾರ್'.

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹೆದ್ದಾರಿ ಬದಿಯ ಹಿಪ್ಪುನೇರಳೆ ತೋಟಗಳು ಒಂದೊಂದಾಗಿ ಶೀಟಿನ ಶೆಡ್ಡುಗಳಾಗುತ್ತಿದ್ದ ಕಾಲ ಅದು. ಅಂಥದ್ದೊಂದು ಶೆಡ್ಡೇ ನಮ್ಮ ಕಾರ್ಖಾನೆ. ಕೆನೆ ತೆಗೆದ ಹಾಲನ್ನು ಆಮ್ಲ ಹಾಕಿ ಒಡೆಸಿ, ಗಡ್ಡೆಯನ್ನು ತೊಳೆದು ಒಣಗಿಸಿದರೆ ಸಿಗುವ ಹಳದಿ ಬಿಳುಪಿನ ಹರಳಿಗೆ ಕೇಸಿನ್ ಅನ್ನುತ್ತಾರೆ, ಅಂದರೆ ಹಾಲಿನ ಪ್ರೋಟೀನು. ಸುತ್ತಲಿನ ಹಳ್ಳಿಗಳ ಸಣ್ಣ ಘಟಕಗಳಿಂದ ನಾವು ಅದನ್ನು ಕೊಂಡು, ಕ್ಷಾರದ ನೀರಲ್ಲಿ ಕರಗಿಸಿ, ಮತ್ತೆ ಒಣಗಿಸಿ, ನಯವಾದ ಪುಡಿ ಮಾಡಿ ಮಾರುತ್ತಿದ್ದೆವು. ಬಿಸ್ಕತ್ತಿನವರು, ಮಕ್ಕಳ ಪೌಷ್ಟಿಕ ಪುಡಿಯವರು ಅದನ್ನು ಕೊಳ್ಳುತ್ತಿದ್ದರು. ನಾನು ಕನಕಪುರದಿಂದ ಬಿ.ಎಸ್ಸಿ. ಮುಗಿಸಿ ಬಂದು ಅಲ್ಲಿನ ಲ್ಯಾಬಿಗೆ ಸೇರಿದಾಗ ಸಾರ್ ಅಲ್ಲಿಯ ಮುಖ್ಯ ಕೆಮಿಸ್ಟ್ ಆಗಿದ್ದರು. ಕೋಡಿಹಳ್ಳಿ ಕಡೆಯ ರೈತರ ಮನೆಯವರು. ಓದಿ ಎಂ.ಎಸ್ಸಿ. ಮಾಡಿದ್ದರೂ ಗಾಬರಿಯಾದಾಗ ನಾಲಿಗೆ ಸೀದಾ ಊರಿಗೆ ಹೊರಟುಬಿಡುತ್ತಿತ್ತು. ಗಾಬರಿ ಇಲ್ಲದ ಹೊತ್ತೇ ಕಡಿಮೆಯಾದ್ದರಿಂದ ನಾವು ಕೇಳಿದ್ದು ಹೆಚ್ಚಾಗಿ ಊರ ಮಾತನ್ನೇ.

ಸೇರಿದ ಮೊದಲ ವಾರದಲ್ಲಿ ಓವನ್ ಪಕ್ಕದ ಮೊಳೆಗೆ ನೇತುಹಾಕಿದ್ದ ಖಾಕಿ ಚೀಲವೊಂದನ್ನು ನೋಡಿದೆ. ಊಟದ ಚೀಲ ಇರಬೇಕು, ಬಿಸಿ ಇರಲಿ ಎಂದು ಅಲ್ಲಿಟ್ಟಿದ್ದಾರೆ ಅಂದುಕೊಂಡೆ. ಕೇಳಿದ್ದಕ್ಕೆ ಪಾಳಿಯ ಆಪರೇಟರ್ ಸಿದ್ದರಾಜು ಕಿಸಕ್ಕನೆ ನಕ್ಕ.

"ಅದು ಜೈಲ್ ಚೀಲ ಕಣಕ್ಕ. ಒಳ್ಗಡೆ ಪಂಚೆ, ಟವಲ್ಲು, ಹಲ್ಲುಜ್ಜೋ ಬ್ರಶ್ಶು, ಬೀಪಿ ಮಾತ್ರೆ ಎಲ್ಲ ಐತೆ. ಪೊಲೀಸ್ನೋರು ಬಂದ್ರೆ ಎತ್ಕೊಂಡ್ ಹೊಂಟೋಗಕೆ."

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಆಗಿನ ಕಲಬೆರಕೆ ತಡೆ ಕಾಯಿದೆಯಲ್ಲಿ ಒಂದು ಏರ್ಪಾಡಿತ್ತು. ಕಂಪನಿಯೊಂದು ತನ್ನ ಪರವಾಗಿ ಒಬ್ಬರನ್ನು ಹೊಣೆಗಾರ ಎಂದು ಹೆಸರಿಸಬಹುದು. ನಾಮಿನಿ ಅನ್ನುತ್ತಿದ್ದರು. ಮಾಲು ಕೆಟ್ಟಿದ್ದರೆ, ಕಾನೂನು ಹೇಳಿದ ಪ್ರಮಾಣಕ್ಕೆ ಸರಿಹೋಗದಿದ್ದರೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲಬೇಕಾದವನು ಆ ನಾಮಿನಿ. ತಪ್ಪು ಸಾಬೀತಾದರೆ ಒಳಗೆ ಹೋಗುವವನೂ ಅವನೇ. ನಮ್ಮ ಯಜಮಾನರು ಬೆಂಗಳೂರಿನವರು, ಕೆಟ್ಟವರೇನಲ್ಲ, ಆದರೆ ಜಾಣರು. ಹಿಂದಿದ್ದ ಮ್ಯಾನೇಜರ್ ಕೆಲಸ ಬಿಟ್ಟಾಗ, "ನೀವೇ ನಾಮಿನಿ ಆಗಿಬಿಡಿ" ಎಂದು ಸಾರ್ ಮುಂದೆ ಕಾಗದ ಇಟ್ಟಿದ್ದರಂತೆ. ಇಲ್ಲ ಅನ್ನುವುದಕ್ಕೆ ಹೆದರಿ ಇವರು ರುಜು ಹಾಕಿದರು. ಅಂದಿನಿಂದ ಆ ಶೆಡ್ಡಿನಿಂದ ಹೊರಡುವ ಒಂದೊಂದು ಮೂಟೆಯೂ ತನ್ನನ್ನೇ ಜೈಲಿಗೆ ಹೊತ್ತುಕೊಂಡು ಹೋಗುತ್ತಿದೆ ಎಂಬಂತೆ ಅವರು ಲಾರಿಯ ಹಿಂದೆ ಗೇಟಿನವರೆಗೂ ನಡೆದು ಹೋಗುತ್ತಿದ್ದರು.

ಅವರ ಕೆಲಸದ ರೀತಿಯನ್ನು ಹೇಳಲೇಬೇಕು. ಕೇಸಿನ್ನಿನಲ್ಲಿ ತೇವ ಎಷ್ಟು ಮೀರಬಾರದು, ಒಣ ತೂಕದಲ್ಲಿ ಪ್ರೋಟೀನು ಎಷ್ಟಕ್ಕೆ ಇಳಿಯಬಾರದು, ಕೊಬ್ಬು, ಬೂದಿ, ಹುಳಿ, ಹಾಲಿನ ಸಕ್ಕರೆ ಎಷ್ಟು, ಸುಟ್ಟ ಕಣ ಎಷ್ಟು, ಎಲ್ಲಕ್ಕೂ ಕಾನೂನಿನಲ್ಲಿ ಲೆಕ್ಕ ಇದೆ. ಹೇಗೆ ಪರೀಕ್ಷಿಸಬೇಕು ಎಂಬುದಕ್ಕೂ ವಿಧಾನ ಇದೆ. ಸಾರ್ ಅದೆಲ್ಲವನ್ನೂ ಮಾಡಿ ಮುಗಿಸಿ, ಕೊನೆಗೆ ಯಾವ ಕಾನೂನೂ ಹೇಳದ ಒಂದು ಪರೀಕ್ಷೆ ಮಾಡುತ್ತಿದ್ದರು. ಒಂದು ಚಿಟಿಕೆ ತೆಗೆದು ಎರಡು ಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿ, ಮೂಸಿ ನೋಡುವುದು. ಆಮೇಲೆ ನನಗೂ ಮೂಸಿಸುವುದು. ನಾನು ಏನೂ ಇಲ್ಲ ಸಾರ್ ಎಂದರೆ ಇನ್ನೊಂದ್ಸಲ ನೋಡಮ್ಮ. ನನಗೆ ರೇಗಿಹೋಗುತ್ತಿತ್ತು. ನಾಲ್ಕೂಕಾಲರ ಬಸ್ಸು ತಪ್ಪಿಹೋದರೆ ಕನಕಪುರ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಇವರಿಗೇನು.

ಪ್ರೋಟೀನಿನ ಪರೀಕ್ಷೆಯ ಮೇಲಂತೂ ಅವರಿಗೆ ಬಹಳ ಅನುಮಾನ. ಅದರಲ್ಲಿ ನಾವು ನಿಜಕ್ಕೂ ಅಳೆಯುವುದು ಸಾರಜನಕವನ್ನು. ಸಿಕ್ಕಿದ್ದನ್ನು ಗೊತ್ತಾದ ಒಂದು ಅಂಕಿಯಿಂದ ಗುಣಿಸಿ ಪ್ರೋಟೀನು ಎಂದು ಬರೆಯುತ್ತೇವೆ. "ಬಾಗ್ಲಲ್ಲಿ ಬಿಟ್ಟಿರೋ ಚಪ್ಲಿ ಎಣಿಸ್ಬುಟ್ಟು ಮನೆ ಒಳ್ಗೆ ಇಷ್ಟು ಜನ ಅವ್ರೆ ಅಂದಂಗೆ ಕಣಮ್ಮ ಇದು. ಯಾವನಾರ ಬೇಕೂ ಅಂತ ನಾಕ್ ಜೊತೆ ಚಪ್ಲಿ ತಂದು ಬಿಟ್ರೆ?" ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ. ಸಾರಜನಕ ತುಂಬಿದ ರಾಸಾಯನಿಕವನ್ನು ಯಾರೋ ನೆರೆದೇಶದಲ್ಲಿ ಮಕ್ಕಳ ಹಾಲಿನ ಪುಡಿಗೆ ಬೆರೆಸಿದ ಸುದ್ದಿ ಪೇಪರಿನಲ್ಲಿ ಬಂದ ದಿನ ಅವರು ಮಧ್ಯಾಹ್ನ ಊಟ ಮಾಡಲಿಲ್ಲ. ಪೇಪರನ್ನು ಮಡಚಿ ತಲೆದಿಂಬಿನಂತೆ ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆ ದಿನ ನನಗೂ ನಗು ಬರಲಿಲ್ಲ.

ಅದರ ಮುಂದಿನ ಮಳೆಗಾಲದಲ್ಲಿ ನಡೆದದ್ದನ್ನು ಹೇಳದಿದ್ದರೆ ಅವರನ್ನು ಹೇಳಿದಂತಾಗುವುದಿಲ್ಲ.

ಹೊಂಗನೂರು ಕಡೆಯಲ್ಲಿ ಹೆಂಗಸರ ಸಂಘವೊಂದು ಕೇಸಿನ್ ಮಾಡಿ ನಮಗೆ ಕೊಡುತ್ತಿತ್ತು. ಸಂಘದ ಮುಂದಾಳು ಪುಟ್ಟತಾಯಮ್ಮ. ಕೆಲಸದಲ್ಲಿ ಶುದ್ಧ, ಮಾತಿನಲ್ಲಿ ಖಡಕ್ಕು. ಅವರ ಮಾಲು ಬಂದರೆ ಸಾರ್ ಮುಖದಲ್ಲೂ ಅರೆಗಳಿಗೆ ನೆಮ್ಮದಿ ಕಾಣುತ್ತಿತ್ತು. ಆ ಸಲ ವಾರವಿಡೀ ಜಡಿಮಳೆ. ಮಳೆಯಲ್ಲೇ ಅವರ ಮಾಲು ಬಂತು, ನಾವು ಎಲ್ಲ ಪರೀಕ್ಷೆ ಮಾಡಿದೆವು, ಎಲ್ಲವೂ ಸರಿ ಇತ್ತು. ಮೂಸಿಯೂ ಆಯಿತು. ಸಾರ್‌ಗೆ ನೆಗಡಿಯಾಗಿತ್ತು, ನನಗೆ ಏನೂ ಗೊತ್ತಾಗಲಿಲ್ಲ. ಕೊಳ್ಳುವವರು ಹಾಗೇ ಕೇಳಿದ್ದರಿಂದ ಅರ್ಧ ಮಾಲನ್ನು ಕ್ಷಾರದಲ್ಲಿ ಕರಗಿಸದೆ ನೇರವಾಗಿ ಪುಡಿ ಮಾಡಿ, ಮಕ್ಕಳ ಪೌಷ್ಟಿಕ ಪುಡಿ ಮಾಡುವ ಬೆಂಗಳೂರಿನ ಕಂಪನಿಗೆ ಸಾರ್ ರುಜುವಿನ ಸರ್ಟಿಫಿಕೇಟಿನೊಂದಿಗೆ ಕಳಿಸಿಯೂ ಆಯಿತು.

ಮಾರನೆಯ ಬೆಳಿಗ್ಗೆ ಸಿದ್ದರಾಜು ಜರಡಿಯನ್ನು ಎತ್ತಿಕೊಂಡು ಲ್ಯಾಬಿಗೆ ಬಂದ.

"ಸಾರ್, ಇದ್ಯಾಕೋ ಕರಗ್ತಾನೇ ಇಲ್ಲ. ಜರಡಿ ಕಟ್ಕೊಂಡ್ ಕುಂತೈತೆ."

ಜರಡಿಯ ತುಂಬ ಉಬ್ಬಿದ ಹರಳುಗಳು, ನೆನೆದ ಸಬ್ಬಕ್ಕಿಯ ಹಾಗೆ. ಕೇಸಿನ್ ಕ್ಷಾರದಲ್ಲಿ ಕರಗಬೇಕು. ಇದು ಕರಗದೆ ರಬ್ಬರಿನಂತೆ ಜಿಗುಟಾಗಿ ನಿಂತಿತ್ತು. ಸಾರ್ ಒಂದು ಹರಳನ್ನು ಎತ್ತಿ ಉಜ್ಜಿದರು, ಉಗುರಿನಿಂದ ಒಡೆದರು, ಮೂಗಿನ ಹತ್ತಿರ ಹಿಡಿದರು. ನೆಗಡಿ ಅಷ್ಟರಲ್ಲಿ ಬಿಟ್ಟಿತ್ತು. ನೋಡುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಹೋಯ್ತು ಕಣಮ್ಮ. ಇದು ಹುಳದ ಮನೆ ವಾಸನೆ."

ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳ ಸಾಕುವ ಮನೆಯನ್ನು ಒಂದು ಬೆಳೆ ಮುಗಿದ ಮೇಲೆ ಫಾರ್ಮಲಿನ್ ಹೊಡೆದು ತೊಳೆಯುತ್ತಾರೆ. ಕಣ್ಣು ಉರಿಸುವ ಆ ಘಾಟಿನಲ್ಲೇ ಸಾರ್ ಬೆಳೆದದ್ದು. ಫಾರ್ಮಲಿನ್ ತಾಗಿದರೆ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ, ಒಂದು ಕಾಲದಲ್ಲಿ ಹಾಗೆ ಗಟ್ಟಿ ಮಾಡಿಯೇ ಅಂಗಿಯ ಗುಂಡಿ ಮಾಡುತ್ತಿದ್ದರಂತೆ. ಅಂಥದ್ದು ಮಕ್ಕಳ ಹೊಟ್ಟೆಗೆ ಹೊರಟಿತ್ತು.

ನಾನು ಸಮಾಧಾನ ಹೇಳಿದೆ. "ಎಲ್ಲ ಟೆಸ್ಟೂ ಪಾಸಾಗಿದೆ ಸಾರ್. ಸ್ಟ್ಯಾಂಡರ್ಡಿನಲ್ಲಿ ಕೇಳಿರೋದೆಲ್ಲ ಸರಿಯಾಗಿದೆಯಲ್ಲ."

"ಕೇಳಿರೋದು ಪಾಸಾಯ್ತು. ಕೇಳ್ದೇ ಇರೋದು?" ಎಂದರು.

ಅದನ್ನೂ ನೋಡಿಬಿಡೋಣ ಎಂದು ಕೂತೆವು. ಹರಳನ್ನು ನೀರಿನಲ್ಲಿ ಕುದಿಸಿ ಆವಿಯನ್ನು ಇಳಿಸಿಕೊಂಡು, ಅದಕ್ಕೆ ನಮ್ಮ ಕಣ್ಣೆದುರಿಗೇ ಕರೆದ ಹಾಲನ್ನು ಒಂದಿಷ್ಟು ಬೆರೆಸಿ, ನಳಿಗೆಯ ಗೋಡೆಯ ಮೇಲೆ ನಿಧಾನವಾಗಿ ಗಂಧಕಾಮ್ಲ ಬಿಡಬೇಕು. ಫಾರ್ಮಲಿನ್ ಇದ್ದರೆ ಹಾಲು ಮತ್ತು ಆಮ್ಲ ಸೇರುವ ಕಡೆ ನೇರಳೆ ಬಣ್ಣದ ಉಂಗುರ ಕಟ್ಟುತ್ತದೆ. ಆಮ್ಲ ಬಿಟ್ಟವಳು ನಾನು. ಅವರು ಗೋಡೆಯ ಕಡೆ ಮುಖ ಮಾಡಿ ನಿಂತರು. "ನೀನೇ ನೋಡಿ ಹೇಳಮ್ಮ." ದೇವರೇ, ಬರದಿರಲಿ ಎಂದು ನಾನು ಬೇಡಿಕೊಂಡೆ. ಉಂಗುರ ಬಂತು. ಚೆಂದವಾಗಿಯೇ ಬಂತು, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ್ದು.

"ಬಂದಿದೆ ಸಾರ್."

"ಇನ್ನೊಂದ್ಸಲ ನೋಡಮ್ಮ."

ಇನ್ನೊಂದು ಸಲ ಮಾಡಿದೆ. ಮತ್ತೆ ಬಂತು. ಸಾರ್ ಸ್ಟೂಲಿನ ಮೇಲೆ ಕೂತರು. ಓವನ್ ಪಕ್ಕದ ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಅಲ್ಲಿಯವರೆಗೆ ಅವರ ಹೆದರಿಕೆ ನನಗೆ ಚೇಷ್ಟೆಯ ವಿಷಯ. ಆ ಹೊತ್ತಿನಲ್ಲಿ ಯಾರೂ ಹೇಳದೆ ನಾನೇ ಕಿಟಕಿಯಿಂದ ಗೇಟಿನ ಕಡೆ ಇಣುಕಿದೆ.

ಯಜಮಾನರಿಗೆ ಫೋನು ಮಾಡಿದರು. ಫೋನಿನ ಸದ್ದು ಜೋರಾಗಿದ್ದುದರಿಂದ ಆ ಕಡೆಯ ಮಾತೂ ನನಗೆ ಕೇಳುತ್ತಿತ್ತು.

"ಫಾರ್ಮಲಿನ್ ಟೆಸ್ಟ್ ಸ್ಟ್ಯಾಂಡರ್ಡಿನ ಪಟ್ಟಿಯಲ್ಲಿ ಇದೆಯೇನ್ರೀ?"

"ಇಲ್ಲ ಸಾರ್."

"ಕೊಂಡವರು ಮಾಡ್ತಾರಾ?"

"ಮಾಡಲ್ಲ ಸಾರ್."

"ಮತ್ತೆ ನೀವ್ಯಾಕೆ ಮೈಮೇಲೆ ಎಳ್ಕೋತೀರಿ? ಉಳಿದರ್ಧ ಬಿಸಾಕಿ, ಸುಮ್ಮನಿರಿ. ಒಳಗೆ ಹೋಗೋರು ನೀವೇ ಅನ್ನೋದು ನೆನಪಿದೆ ತಾನೇ?"

ಹೆದರುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೆ? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾರ್ ಕೀರಲು ದನಿಯಲ್ಲಿ, "ನೆನಪೈತೆ ಸಾರ್. ನಾಮಿನಿ ನಾನೇ ಅಲ್ವಾ, ಅದ್ಕೇ ನಾನೇ ಹೇಳ್ಬುಡ್ತೀನಿ" ಎಂದು ಫೋನು ಇಟ್ಟರು. ಇಟ್ಟ ಮೇಲೆ ತಾನೇ ಆಡಿದ ಮಾತಿಗೆ ಹೆದರಿ ಒಂದು ಲೋಟ ನೀರು ಕುಡಿದರು. ಬೆಂಗಳೂರಿನ ಕಂಪನಿಯ ನಂಬರನ್ನು ಒತ್ತಿಕೊಟ್ಟವಳು ನಾನೇ. ಮಾತಾಡಿದ್ದು ಮಾತ್ರ ಅವರೇ. "ನಾವು ಕಳಿಸಿದ ಮಾಲನ್ನ ಮುಟ್ಟಬೇಡಿ, ತಪ್ಪಾಗಿದೆ, ನಾನು ರುಜು ಹಾಕಿರೋನು" ಎಂದು ಹೆಸರನ್ನೂ ಹೇಳಿದರು. ಪುಣ್ಯಕ್ಕೆ ಮೂಟೆಗಳ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ವಾಪಸು ಕಳಿಸುತ್ತೇವೆ, ಆದರೆ ಇಲಾಖೆಗೆ ತಿಳಿಸಬೇಕಾಗುತ್ತದೆ ಎಂದು ಆ ಕಡೆಯವರು ಹೇಳಿದರು.

ಮಾರನೆಯ ದಿನ ನಾವಿಬ್ಬರೂ ಹೊಂಗನೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಚೀಲ ಸಾರ್ ತೊಡೆಯ ಮೇಲಿತ್ತು. ಯಾಕೆ ಸಾರ್ ಇದು ಎಂದರೆ, ದಾರಿಯಲ್ಲೇ ಹಿಡಿದರೆ ಎಂದರು.

ಪುಟ್ಟತಾಯಮ್ಮ ನಮ್ಮನ್ನು ಕಂಡು ಹಿಗ್ಗಿದರು. ಮಳೆಯಲ್ಲಿ ಕೇಸಿನ್ ಹೇಗೆ ಒಣಗಿಸಿದಿರಿ ಎಂದು ಸಾರ್ ಕೇಳಿದರೆ ಸಂಭ್ರಮದಿಂದ ಹುಳದ ಮನೆಗೇ ಕರೆದುಕೊಂಡು ಹೋದರು. ಒಳಗೆ ಹುಳ ಸಾಕುವ ಬಿದಿರಿನ ತಟ್ಟೆಗಳು ಸಾಲಾಗಿ ನಿಂತಿದ್ದವು. ಬೆಳೆ ಮುಗಿದಿತ್ತು, ಮನೆ ಬಿಸಿಯಾಗಿತ್ತು.

"ನಾವ್ ಒಣಗಾಕೋ ಬಲೆ ಎಲ್ಲ ಮಳೇಲಿ ನೆಂದೋದೊ ಸಾ. ಮಾಲು ಬೂಷ್ಟು ಹಿಡ್ದುಬುಟ್ರೆ ನಿಮ್ಗೆ ಕೆಟ್ಟೆಸ್ರು ಅಂದ್ಬುಟ್ಟು ಹುಳದ್ ತಟ್ಟೇಲಿ ಒಣಗಾಕ್ದೊ. ಅದ್ಕೂ ಮುಂಚೆ ಔಷ್ದಿ ಹೊಡ್ದು ಚೆಂದಾಗಿ ತೊಳ್ದಿವ್ನಿ. ದೇವ್ರ ಕೋಣೆಗಿಂತ ಮಡಿ ಕನ್ ಸಾ ಇದು, ಚಪ್ಲಿ ಹಾಕ್ಕೊಂಡು ನಮ್ ಯಜಮಾನ್ರುನ್ನೂ ಒಳೀಕೆ ಬುಡಾಕಿಲ್ಲ."

ಸಾರ್ ತಟ್ಟೆಯ ಅಂಚನ್ನು ಮುಟ್ಟಿಕೊಂಡು ನಿಂತುಬಿಟ್ಟರು. ಬೈಯಲೆಂದೇ ಬಂದಿದ್ದರು. ಈ ಹೆಂಗಸರು ಹೆಚ್ಚು ಎಚ್ಚರ ವಹಿಸಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಹುಳಕ್ಕೆ ರೋಗ ಬಾರದಿರಲಿ ಎಂದು ಹಾಕುವ ಔಷಧಿ, ಹಾಲಿಗೂ ಒಳ್ಳೆಯದೇ ಇರಬೇಕು ಎಂದುಕೊಂಡಿದ್ದರು. ನಿಧಾನವಾಗಿ ಸಾರ್ ವಿಷಯ ಹೇಳಿದರು. ಪುಟ್ಟತಾಯಮ್ಮನ ಖಡಕ್ಕು ಕರಗಿಹೋಯಿತು.

"ಮಕ್ಳು ತಿನ್ನೋ ಪುಡೀಗಾ? ಅಯ್ಯೋ ಸಿವ್ನೇ. ನಮ್ಮುನ್ನೂ ಹಿಡ್ಕೊಂಡೋಯ್ತಾರಾ ಸಾ?"

"ನಿಮ್ಮುನ್ ಯಾಕವ್ವ ಹಿಡೀತಾರೆ. ಮಳೆ ಬಂದಾಗ ಎಲ್ಲಿ ಒಣಗಿಸ್ತೀರಿ ಅಂತ ಬಂದು ನೋಡ್ಬೇಕಾಗಿದ್ದೋನು ನಾನು. ನಾನಿಲ್ವಾ, ನಾನ್ ನೋಡ್ಕೋತೀನಿ" ಎಂದರು ಸಾರ್. ಹೇಳುವಾಗ ಚೀಲವನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದರು.

ಆ ವಾರವೇ ಆಹಾರ ಇನ್ಸ್‌ಪೆಕ್ಟರ್ ಬಂದರು. ಈ ಸಲ ಜೀಪು ನಿಜಕ್ಕೂ ನಮ್ಮ ಗೇಟಿನಲ್ಲೇ ನಿಂತಿತು. ಸಾರ್ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು.

"ಊರಿಗೆ ಹೊರಟಿದ್ದೀರಾ?" ಎಂದರು ಇನ್ಸ್‌ಪೆಕ್ಟರ್.

"ಇಲ್ಲ ಸಾರ್, ನಿಮ್ಮ ಜೊತೇಲೇ."

ಸಿದ್ದರಾಜು ನಗು ತಡೆಯಲಾರದೆ ಹೊರಗೆ ಓಡಿದ. ಇನ್ಸ್‌ಪೆಕ್ಟರ್ ನಗಲಿಲ್ಲ. ವಾಪಸು ಬಂದ ಮೂಟೆಗಳನ್ನು ನೋಡಿದರು. ಪ್ರತಿಯೊಂದರ ಮೇಲೂ ಸಾರ್ ಕೆಂಪು ಬಣ್ಣದಲ್ಲಿ 'ತಿನ್ನಲು ಅಲ್ಲ' ಎಂದು ಬರೆಸಿದ್ದರು. ಅವುಗಳನ್ನು ಇನ್ಸ್‌ಪೆಕ್ಟರ್ ಎದುರಿಗೇ ಸುಣ್ಣ ಹಾಕಿ ಹೂಳಿಸಿದ್ದಾಯಿತು. ಮಾರಾಟಕ್ಕಿದ್ದ ಬೇರೆ ಮಾಲಿನ ಸ್ಯಾಂಪಲ್ ತೆಗೆದು, ಕಾನೂನಿನಂತೆ ಮೂರು ಪಾಲು ಮಾಡಿ, ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಜ ಹೇಳ್ಬೇಕು ಅಂದ್ರೆ ನಾವಿದನ್ನ ಹುಡುಕ್ತಾನೇ ಇರಲಿಲ್ಲ ರೀ" ಎಂದರು. ಅಭಿನಂದನೆಯ ಮಾತೇ ಇರಬೇಕು. ಸಾರ್ ಮಾತ್ರ ಅದನ್ನು ಕೇಳಿ ಇನ್ನಷ್ಟು ಇಳಿದುಹೋದರು.

ವರದಿ ಬರುವವರೆಗಿನ ಆ ದಿನಗಳು ನನಗೆ ಈಗಲೂ ಬೇಡ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ನಾವಿಬ್ಬರೂ ಕೆಲಸ ನಿಲ್ಲಿಸುತ್ತಿದ್ದೆವು. ಸಾರ್ ಮನೆಯಲ್ಲಿ ಮಗಳ ಮದುವೆಯ ಮಾತು ನಡೆಯುತ್ತಿತ್ತು, ಜೈಲಿಗೆ ಹೋದವನ ಮಗಳನ್ನು ಯಾರು ಒಪ್ಪುತ್ತಾರೆ ಎಂದು ಒಮ್ಮೆ ಮಾತ್ರ ಅಂದಿದ್ದರು. ಯಜಮಾನರು ಹೊಂಗನೂರಿನ ಮಾಲು ನಿಲ್ಲಿಸಿ ಎಂದಾಗ, ಅಂಥ ಹೊತ್ತಿನಲ್ಲೂ ಸಾರ್ ಒಪ್ಪಲಿಲ್ಲ. "ನಾವ್ ಬುಟ್ರೆ ಇನ್ನೊಬ್ರಿಗೆ ಕೊಡ್ತಾರೆ ಸಾರ್. ಅಲ್ಲಿ ಮೂಸಿ ನೋಡೋರು ಇರಾಕಿಲ್ಲ" ಎಂದರು. ಕಾಡಿ ಬೇಡಿ ಸಂಘಕ್ಕೆ ಸ್ಟೀಲಿನ ಜಾಲರಿ ತಟ್ಟೆಗಳನ್ನೂ ಒಂದು ಬಿಸಿಗಾಳಿಯ ಬ್ಲೋವರನ್ನೂ ಕೊಡಿಸಿದರು. ವರದಿ ಬಂತು. ಮಾಲು ಸರಿಯಿದೆ ಎಂದಿತ್ತು. ನಾನು ಎರಡು ಸಲ ಓದಿ ಹೇಳಿದೆ. ಮೂರನೆಯ ಸಲವೂ ಓದಿಸಿದರು.

ಅವರು ನಿವೃತ್ತರಾದ ಮೇಲೆ ಲ್ಯಾಬು ನನ್ನ ಕೈಗೆ ಬಂತು, ಹೊಣೆಗಾರಿಕೆಯ ರುಜುವೂ ನನ್ನದೇ ಆಯಿತು. ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ಅವರ ಫೋನು ತಪ್ಪುತ್ತಿರಲಿಲ್ಲ. ಹೇಗಿದ್ದೀಯ ಎಂದು ಕೇಳುವುದಿಲ್ಲ. "ಮಳೆ ಬಂತಲ್ಲಮ್ಮ, ತಟ್ಟೆ ನೋಡಿದ್ಯಾ?" ಅಷ್ಟೇ. ನೋಡಿಸಿದ್ದೇನೆ ಸಾರ್ ಎಂದರೆ, ನೋಡ್ಸೋದಲ್ಲ, ನೋಡ್ಬೇಕು ಎಂದು ಬೈಯುತ್ತಿದ್ದರು.

ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದಾಗ ಅವರ ಹೆಂಡತಿ ಬಾಗಿಲ ಹಿಂದಿನ ಮೊಳೆಯನ್ನು ತೋರಿಸಿದರು. ಮೊಳೆ ಖಾಲಿಯಿತ್ತು.

"ಕೆಲ್ಸ ಬುಟ್ಮೇಲೂ ಆ ಚೀಲ ಬುಡ್ನಿಲ್ಲ ಕಣವ್ವ. ಮಾತ್ರೆ ಹಳೇದಾದಂಗೆಲ್ಲ ನಾನೇ ಬದ್ಲಾಯಿಸ್ತಿದ್ದೆ, ಪಂಚೆ ಒಗ್ದು ಮಡ್ಚಿ ಇಡ್ತಿದ್ದೆ. ಅವತ್ತು ಎದೆನೋವು ಅಂದ್ರು, ಆಟೋ ಬಂತು, ಏನ್ ಎತ್ಕೊಳದು ಅಂತ ನಂಗೆ ತೋಚ್ನಿಲ್ಲ. ಆ ಚೀಲನೇ ಎತ್ಕೊಂಡು ಆಸ್ಪತ್ರೆಗೆ ಹೋದೆ. ಎಲ್ಲ ರೆಡಿ ಇತ್ತಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವರೇ ನನ್ನ ಬೆನ್ನು ಸವರಿದರು.

ಈ ವರ್ಷ ಮೊದಲ ಮಳೆ ಬಿದ್ದಾಗ ನಾನು ಲ್ಯಾಬಿನಲ್ಲಿದ್ದೆ. ಸಂಜೆಯವರೆಗೂ ಫೋನನ್ನು ಕಣ್ಣೆದುರೇ ಇಟ್ಟುಕೊಂಡಿದ್ದೆ, ಬರುವುದಿಲ್ಲ ಎಂದು ಗೊತ್ತಿದ್ದೂ. ಮಾರನೆಯ ಬೆಳಿಗ್ಗೆ ಎದ್ದವಳೇ ಹೊಂಗನೂರಿನ ಬಸ್ಸು ಹತ್ತಿದೆ. ಪುಟ್ಟತಾಯಮ್ಮ ಒಣಗಿಸುವ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿದೆ.

"ವರ್ಸ ವರ್ಸ ಮಳೆ ಬಿದ್ದೇಟ್ಗೆ ನಂಗೂ ಫೋನ್ ಮಾಡೋರು ಕಣವ್ವ ಸಾರು. ಈ ಸಲ ಬರ್ನಿಲ್ಲ. ರಾತ್ರಿ ಎಲ್ಲ ನಂಗೆ ಒಂಥರಾ ದಿಗಿಲು" ಎಂದರು.

ಒಳಗೆ ಹೋದೆವು. ಸ್ಟೀಲಿನ ತಟ್ಟೆಗಳು ಒಣಗಿದ್ದವು, ಬ್ಲೋವರು ಓಡುತ್ತಿತ್ತು. ಒಂದು ತಟ್ಟೆಯಿಂದ ಚಿಟಿಕೆ ಕೇಸಿನ್ ತೆಗೆದು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದೆ. ಬರೀ ಹಾಲಿನ ವಾಸನೆ.

"ಏನಾರ ಐತಾ?"

"ಏನೂ ಇಲ್ಲ ಪುಟ್ಟತಾಯಮ್ಮ."

ಅವರು ಇನ್ನೊಂದು ತಟ್ಟೆಯನ್ನು ಎಳೆದು ನನ್ನ ಮುಂದಿಟ್ಟರು.

"ಇನ್ನೊಂದ್ಸಲ ನೋಡವ್ವ" ಎಂದರು.